ರಾಮನವಮಿಯ ಪಾನಕ: ಒಲೆ ಬೇಡ, ಮನೆಮಂದಿ ಸಾಕು

ಯುಗಾದಿಯ ಬೇವು-ಬೆಲ್ಲ ಮುಗಿದು ಒಂಬತ್ತನೆಯ ದಿನಕ್ಕೆ ಬರುವ ಹಬ್ಬ ರಾಮನವಮಿ. ಮಹಾರಾಷ್ಟ್ರದಲ್ಲಿ ಅಂದು ಸಾರ್ವಜನಿಕ ರಜೆ. ವಿರಾರ್, ಡೊಂಬಿವಲಿ, ಕಲ್ಯಾಣ್‌ಗಳಿಂದ ದಿನವೂ ಲೋಕಲ್ ರೈಲು ಹಿಡಿದು ಓಡುವ ಮನೆಯ ಯಜಮಾನ, ಅವನಷ್ಟೇ ದೂರ ಓಡುವ ಮನೆಯಾಕೆ, ಶಾಲೆ ಮತ್ತು ಟ್ಯೂಷನ್‌ಗಳ ನಡುವೆ ಸಿಲುಕಿದ ಮಕ್ಕಳು, ಎಲ್ಲರೂ ಮನೆಯಲ್ಲಿರುವ ಅಪರೂಪದ ದಿನವದು. ಹೊರಗೆ ಸುಡುವ ಬಿಸಿಲು, ಒಳಗೆ ಬೆವರು. ಇಂಥ ದಿನಕ್ಕೆಂದೇ ಹಿರಿಯರು ಒಲೆ ಹಚ್ಚದೆ ಮಾಡುವ ಒಂದು ನೈವೇದ್ಯವನ್ನು ಇಟ್ಟು ಹೋಗಿದ್ದಾರೆ. ಅದೇ ಬೆಲ್ಲದ ಪಾನಕ.

ಹೋಳಿಗೆಗೆ ಕಣಕದ ಹದ ಬೇಕು. ಕಡುಬಿಗೆ ಹಿಟ್ಟಿನ ಹದ ಬೇಕು. ಮೂಡೆ ಕಟ್ಟಲು ಎಲೆಯೂ ಬೇಕು, ಕೈಚಳಕವೂ ಬೇಕು. ಇವುಗಳನ್ನು ಕಲಿಸಬೇಕೆಂಬ ಎಚ್ಚರ ಹಿರಿಯರಿಗಿತ್ತು, ಕಲಿಯಬೇಕೆಂಬ ಆಸೆ ಕಿರಿಯರಿಗೂ ಇತ್ತು. ಪಾನಕದ ಪಾಡು ಬೇರೆಯೇ ಆಯಿತು. ಬೆಲ್ಲ, ನೀರು, ಲಿಂಬೆ, ಒಂದಿಷ್ಟು ಏಲಕ್ಕಿ-ಶುಂಠಿ. ‘ಇದರಲ್ಲಿ ಕಲಿಯುವುದೇನಿದೆ?’ ಎಂದು ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಅಜ್ಜಿ ಇರುವಷ್ಟು ಕಾಲ ಪಾನಕ ತಾನಾಗಿಯೇ ಬರುತ್ತಿತ್ತು. ಅಜ್ಜಿ ಇಲ್ಲದ ಮನೆಯಲ್ಲಿ ಆ ಜಾಗಕ್ಕೆ ಎರಡು ಲೀಟರಿನ ತಂಪು ಪಾನೀಯದ ಬಾಟಲಿ ಬಂದು ಕುಳಿತಿತು. ಅತಿ ಸುಲಭವಾದದ್ದೇ ಎಲ್ಲಕ್ಕಿಂತ ಮೊದಲು ಕೈತಪ್ಪಿ ಹೋಗುತ್ತಿರುವುದು ವಿಚಿತ್ರವಾದರೂ ನಿಜ.

ಬೆಲ್ಲ-ನೀರಿನ ಸಂಸ್ಕಾರ

ಕರಾವಳಿಯಿಂದ ಮುಂಬಯಿ ಸೇರಿದ ತುಳು-ಕನ್ನಡಿಗರಿಗೆ ಬೆಲ್ಲ ಮತ್ತು ನೀರಿನ ಜೋಡಿ ಹೊಸದೇನಲ್ಲ. ಊರಿನ ಮನೆಗಳಲ್ಲಿ ಬಿಸಿಲಿಗೆ ಬಂದ ನೆಂಟರ ಮುಂದೆ ಮೊದಲು ಇಡುತ್ತಿದ್ದುದು ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ. ಬಂದ ಕಾರಣ ಕೇಳುವುದು ಅದಾದ ಮೇಲೆ. ಹವ್ಯಕರ ಮನೆಗಳಲ್ಲಿ ‘ಆಸರಿಂಗೆ ಬೇಕೋ?’ ಎಂಬುದೇ ಬಾಗಿಲಲ್ಲಿ ಕೇಳಿಬರುವ ಮೊದಲ ಮಾತು. ಮದುವೆ ಮನೆಗಳಲ್ಲಿ ದಿಬ್ಬಣ ಬಂದಿಳಿದಾಗ ಪಾನಕ ಕೊಟ್ಟು ಉಪಚರಿಸುವ ರೂಢಿಯೂ ಇದೆ. ಪಾನಕವೆಂದರೆ ಬೇರೇನಲ್ಲ, ಆ ಬೆಲ್ಲವನ್ನು ಆ ನೀರಿನಲ್ಲಿಯೇ ಕರಗಿಸಿ, ಹುಳಿ ಮತ್ತು ಸಾಂಬಾರ ಪದಾರ್ಥ ಸೇರಿಸಿ ಹಬ್ಬಕ್ಕೆ ಸಿಂಗರಿಸಿದ್ದು, ಅಷ್ಟೇ.

ಇನ್ನೊಂದು ವಿಷಯವೂ ಗಮನಾರ್ಹ. ಮುಂಬಯಿಗೆ ಇಡ್ಲಿ, ದೋಸೆ, ಕಾಫಿಯ ರುಚಿ ಹತ್ತಿಸಿದವು ಉಡುಪಿ ಹೋಟೆಲುಗಳು. ಆದರೆ ಆ ಹೋಟೆಲುಗಳ ತಿಂಡಿಪಟ್ಟಿಯಲ್ಲಿ ಪಾನಕದ ಹೆಸರು ಕಾಣುವುದು ಅಪರೂಪ. ಏಕೆಂದರೆ ಪಾನಕ ಮಾರುವ ವಸ್ತುವಾಗಿ ಬೆಳೆದದ್ದಲ್ಲ, ಕೊಡುವ ವಸ್ತುವಾಗಿ ಬೆಳೆದದ್ದು. ದೇವಸ್ಥಾನದ ಅಂಗಳದಲ್ಲಿ, ಭಜನಾ ಮಂದಿರದಲ್ಲಿ, ರಥ ಎಳೆಯುವ ಬೀದಿಯಲ್ಲಿ ದಾರಿಹೋಕನ ಜಾತಿ-ಕುಲ ಕೇಳದೆ ಲೋಟ ನೀಡುವುದೇ ಅದರ ರೀತಿ. ಅಂಗಡಿಯಲ್ಲಿ ಸಿಗದ ವಸ್ತು ಮನೆಯಲ್ಲಿಯೂ ನಿಂತುಹೋದರೆ ಅದಕ್ಕೆ ಬೇರೆ ನೆಲೆಯಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಆರು ಲೋಟಕ್ಕೆ ಸರಿಯಾದ ಅಳತೆ

‘ಬೆಲ್ಲ ಎಷ್ಟು?’ ಎಂದು ಕೇಳಿದರೆ ಹಿರಿಯರಿಂದ ಬರುವ ಉತ್ತರ ‘ಬೇಕಾದಷ್ಟು’ ಎಂದೇ. ಅವರ ಕಣ್ಣಿಗೂ ಕೈಗೂ ಆ ಅಳತೆ ಗೊತ್ತಿತ್ತು. ಹೊರನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಗ್ರಾಂ, ಚಮಚಗಳ ಲೆಕ್ಕದಲ್ಲಿ ಹೇಳಿದರೇ ಅನುಕೂಲ.

ಐದಾರು ಮಂದಿಯ ಕುಟುಂಬಕ್ಕೆ ಬೇಕಾದುದು ಇಷ್ಟು: ಕುಡಿಯುವ ನೀರು 1 ಲೀಟರ್, ಪುಡಿ ಮಾಡಿದ ಬೆಲ್ಲ 150 ಗ್ರಾಂ, ರಸ ತುಂಬಿದ ಲಿಂಬೆಹಣ್ಣು 2, ಏಲಕ್ಕಿ 5, ಒಣಶುಂಠಿ ಪುಡಿ ಅರ್ಧ ಚಹಾ ಚಮಚ, ಕಾಳುಮೆಣಸು 6ರಿಂದ 8, ಉಪ್ಪು ಒಂದು ಚಿಟಿಕೆ, ತುಳಸಿ ನಾಲ್ಕು ದಳ. ಒಣಶುಂಠಿ ಇಲ್ಲದಿದ್ದರೆ ಒಂದು ಇಂಚು ಹಸಿಶುಂಠಿಯನ್ನು ಜಜ್ಜಿ ಹಾಕಬಹುದು.

ಮೊದಲು ಬೆಲ್ಲವನ್ನು ಕುಟ್ಟಿ ಅಥವಾ ತುರಿದು ನೀರಿಗೆ ಹಾಕಿ ಅರ್ಧ ಗಂಟೆ ಬಿಡಬೇಕು. ಆಗಾಗ ಸೌಟಿನಿಂದ ಕದಡಿದರೆ ಬೇಗ ಕರಗುತ್ತದೆ. ಬಿಸಿ ಮಾಡುವ ಅಗತ್ಯವಿಲ್ಲ. ನೀರನ್ನು ಕುದಿಸಿಯೇ ಕುಡಿಯುವ ಮನೆಯವರು ಹಿಂದಿನ ರಾತ್ರಿಯೇ ಕುದಿಸಿ ಆರಿಸಿಟ್ಟ ನೀರನ್ನು ಬಳಸಿದರೆ ಸಾಕು. ಕರಗಿದ ಬೆಲ್ಲವನ್ನು ತೆಳುವಾದ ಬಟ್ಟೆಯಲ್ಲಿ ಸೋಸುವುದನ್ನು ಮಾತ್ರ ತಪ್ಪಿಸಬಾರದು. ಬೆಲ್ಲದಲ್ಲಿ ಕಬ್ಬಿನ ಸಿಪ್ಪೆಯ ಚೂರು, ಮರಳು ಇರುವುದು ಸಾಮಾನ್ಯ. ಸೋಸಿದ ಮೇಲೂ ಐದು ನಿಮಿಷ ಅಲುಗಿಸದೆ ಇಟ್ಟರೆ ಉಳಿದ ಮರಳು ತಳ ಸೇರುತ್ತದೆ. ಮೇಲಿನ ತಿಳಿಯನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಬೇಕು.

ಬಳಿಕ ಏಲಕ್ಕಿ ಮತ್ತು ಕಾಳುಮೆಣಸನ್ನು ಆಗಲೇ ಕುಟ್ಟಿ ಹಾಕಬೇಕು. ಕಾಳುಮೆಣಸು ತರಿತರಿಯಾಗಿದ್ದರೆ ಗಂಟಲಿಗೆ ಸಿಕ್ಕಿ ಮಕ್ಕಳು ಕೆಮ್ಮುತ್ತಾರೆ, ಆದ್ದರಿಂದ ನುಣ್ಣಗಿರುವುದು ಒಳ್ಳೆಯದು. ಶುಂಠಿ, ಉಪ್ಪು ಸೇರಿಸಿ ಕದಡಿ, ಕೊನೆಯಲ್ಲಿ ಲಿಂಬೆರಸ ಹಿಂಡಬೇಕು. ಬೀಜ ಬಿದ್ದರೆ ಪಾನಕ ಕಹಿಯಾಗುತ್ತದೆ. ಲಿಂಬೆ ಒಂದೊಂದೂ ಒಂದೊಂದು ಹುಳಿ. ಆದ್ದರಿಂದ ಎರಡನ್ನೂ ಒಮ್ಮೆಗೇ ಹಿಂಡದೆ, ಒಂದನ್ನು ಹಿಂಡಿ, ನೋಡಿ, ಎರಡನೆಯದಕ್ಕೆ ಕೈ ಹಾಕುವುದು ಜಾಣತನ. ದೇವರಿಗಿಡುವ ಮುನ್ನ ರುಚಿ ನೋಡಬಾರದೆಂಬ ಮನೆಗಳಲ್ಲಿ ನೈವೇದ್ಯಕ್ಕೆ ಬೇಕಾದಷ್ಟನ್ನು ಮೊದಲೇ ತೆಗೆದಿಟ್ಟು ಉಳಿದುದರ ಹದ ನೋಡಬಹುದು. ಮೇಲೆ ತುಳಸಿ ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಪಾನಕ ಸಿದ್ಧ.

ಪಾನಕದ ಹದ ತಿಳಿಯುವುದು ಹೀಗೆ: ಮೊದಲು ಸಿಹಿ, ಅದರ ಹಿಂದೆಯೇ ಹುಳಿ, ನುಂಗಿದ ಮೇಲೆ ಗಂಟಲಲ್ಲಿ ಶುಂಠಿ-ಮೆಣಸಿನ ಸಣ್ಣ ಖಾರ. ಮೂರರಲ್ಲಿ ಒಂದು ಕಾಣದಿದ್ದರೂ ಅದು ಬರೀ ಬೆಲ್ಲದ ನೀರು ಅಥವಾ ಬರೀ ಶರಬತ್ತು.

ಬೆಲ್ಲ ನೋಡಿ ಕೊಳ್ಳಿ

ಪಾನಕದಲ್ಲಿ ಬೆಲ್ಲದ ಗುಣವನ್ನು ಮುಚ್ಚಿಡಲು ಬೇರೇನೂ ಇಲ್ಲ. ಅಂಗಡಿಯಲ್ಲಿ ಕಣ್ಣು ಕುಕ್ಕುವ ಹಳದಿ ಬೆಲ್ಲಕ್ಕೆ ಮರುಳಾಗುವವರೇ ಹೆಚ್ಚು. ಬೆಲ್ಲ ತಯಾರಿಸುವಾಗ ಬಣ್ಣ ತಿಳಿಯಾಗಲೆಂದು ‘ಹೈಡ್ರೋಸ್’ ಎಂಬ ಗಂಧಕಯುಕ್ತ ರಾಸಾಯನಿಕವನ್ನು ಬಳಸುವುದುಂಟು. ಅತಿಯಾಗಿ ಬಳಸಿದ ಬೆಲ್ಲ ನೋಡಲು ಚೆಂದ, ರುಚಿಯಲ್ಲಿ ಹಿಂದೆ. ಕಂದು ಬಣ್ಣದ, ಕಬ್ಬಿನ ಹಾಲಿನ ಪರಿಮಳವಿರುವ ಬೆಲ್ಲ ಪಾನಕಕ್ಕೆ ಲೇಸು. ಮಂಡ್ಯದ ಬೆಲ್ಲ, ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಬೆಲ್ಲ ಕನ್ನಡಿಗರಿಗೆ ಪರಿಚಿತವಾದವು. ಮುಂಬಯಿ-ಪುಣೆಗಳಲ್ಲಿ ಕೊಲ್ಹಾಪುರದ ಬೆಲ್ಲ ಸುಲಭವಾಗಿ ಸಿಗುತ್ತದೆ. ಊರಿನಿಂದ ಬರುವವರು ಮಲೆನಾಡಿನ ಜೋನಿ ಬೆಲ್ಲ ಅಥವಾ ತುಳುನಾಡಿನ ಓಲೆ ಬೆಲ್ಲ ತಂದಿದ್ದರೆ ಆ ಪಾನಕದ ಘಮವೇ ಬೇರೆ.

ಭಾಷೆ ಬಾರದ ಅಂಗಡಿಯಲ್ಲಿಯೂ ಪಾನಕದ ಸಾಮಾನು ಕೇಳಲು ಕಷ್ಟವಿಲ್ಲ. ಮುಂಬಯಿಯಲ್ಲಿ ‘ಗೂಳ್’, ದೆಹಲಿಯಲ್ಲಿ ‘ಗುಡ್’, ಚೆನ್ನೈಯಲ್ಲಿ ‘ವೆಲ್ಲಂ’, ಹೈದರಾಬಾದಿನಲ್ಲಿ ‘ಬೆಲ್ಲಂ’ ಎಂದರೆ ಬೆಲ್ಲ. ಒಣಶುಂಠಿಗೆ ಮರಾಠಿಯಲ್ಲಿ ‘ಸುಂಠ್’, ಹಿಂದಿಯಲ್ಲಿ ‘ಸೋಂಠ್’, ತಮಿಳಿನಲ್ಲಿ ‘ಸುಕ್ಕು’, ತೆಲುಗಿನಲ್ಲಿ ‘ಶೊಂಠಿ’. ಮುಂಬಯಿಯವರಿಗೆ ಮಾಟುಂಗಾ ಮಾರುಕಟ್ಟೆಯಂತೂ ಇದ್ದೇ ಇದೆ. ಬಾಳೆಎಲೆಯಿಂದ ತುಳಸಿಯವರೆಗೆ ಹಬ್ಬದ ಸಾಮಾನೆಲ್ಲ ಅಲ್ಲಿ ಒಂದೇ ಸುತ್ತಿನಲ್ಲಿ ಕೈಗೆ ಬರುತ್ತದೆ.

ಸೀಮೆಗೊಂದು ಪಾನಕ

ಕರ್ನಾಟಕದೊಳಗೇ ಪಾನಕದ ಬಗೆಗಳು ಹಲವು. ಹಳೆ ಮೈಸೂರು ಸೀಮೆಯಲ್ಲಿ ರಾಮನವಮಿಯೆಂದರೆ ಪಾನಕ, ಕೋಸಂಬರಿ, ನೀರುಮಜ್ಜಿಗೆ ಮೂರೂ ಸೇರಬೇಕು. ಅಲ್ಲಿ ಬೆಲ್ಲದ ಪಾನಕದ ಜೊತೆಗೆ ಕರಬೂಜದ ಹಣ್ಣಿನ ಪಾನಕ, ಬೇಲದ ಹಣ್ಣಿನ ಪಾನಕವೂ ಉಂಟು. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ ಹೆಸರು ರಾಮನವಮಿ ಸಂಗೀತೋತ್ಸವದಿಂದ ದೇಶದ ಸಂಗೀತಗಾರರಿಗೆಲ್ಲ ಪರಿಚಿತ. ಈ ಉತ್ಸವ ನಡೆಸುತ್ತ ಬಂದಿರುವ ಶ್ರೀ ರಾಮಸೇವಾ ಮಂಡಳಿ ಹುಟ್ಟಿದ್ದು 1939ರಲ್ಲಿ. ಸಂಗೀತ ಮತ್ತು ಪಾನಕ ಎರಡೂ ಬೆಂಗಳೂರಿನ ಹಳಬರ ನೆನಪಿನಲ್ಲಿ ಒಟ್ಟಿಗೇ ಇವೆ. ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ ಯುಗಾದಿಯ ಬೇವನ್ನೇ ಮಾವಿನಕಾಯಿ, ಬೆಲ್ಲ, ಪುಟಾಣಿ ಸೇರಿಸಿ ಕುಡಿಯುವಷ್ಟು ತೆಳ್ಳಗೆ ಮಾಡುತ್ತಾರೆ. ಕರಾವಳಿಯಲ್ಲಿ ಬೇಸಿಗೆಗೆ ಪುನರ್ಪುಳಿಯ ಕೆಂಪು ಶರಬತ್ತು ಇದ್ದೇ ಇರುತ್ತದೆ. ಲಿಂಬೆ ತುಟ್ಟಿಯಾದ ವರ್ಷ ಪಾನಕಕ್ಕೂ ಒಂದೆರಡು ಪುನರ್ಪುಳಿ ಸಿಪ್ಪೆ ನೆನೆಸಿ ಹುಳಿ ಮಾಡಿಕೊಳ್ಳಬಹುದು.

ಪಾನಕದ ಜೋಡಿ ಕೋಸಂಬರಿ. ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ, ನೀರು ಬಸಿದು, ಹೆಚ್ಚಿದ ಸೌತೆಕಾಯಿ, ತೆಂಗಿನ ತುರಿ, ಕೊತ್ತಂಬರಿ ಸೊಪ್ಪು ಬೆರೆಸಿ ಲಿಂಬೆ ಹಿಂಡಿದರಾಯಿತು. ಸಾಸಿವೆ-ಇಂಗಿನ ಒಗ್ಗರಣೆ ಬೇಕೆನ್ನುವವರಿಗೆ ಮಾತ್ರ ಒಲೆಯ ಕೆಲಸ. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಬೇಕು, ಇಲ್ಲವಾದರೆ ಸೌತೆಕಾಯಿ ನೀರು ಬಿಡುತ್ತದೆ.

ನೆರೆಮನೆಯಲ್ಲೂ ಇದೇ ಲೋಟ

ಹೊರನಾಡ ಕನ್ನಡಿಗರ ಮಕ್ಕಳು ‘ಇದು ನಮ್ಮ ಮನೆಯಲ್ಲಿ ಮಾತ್ರ ಮಾಡುವ ವಿಚಿತ್ರ’ ಎಂದುಕೊಳ್ಳುವುದುಂಟು. ವಾಸ್ತವ ಹಾಗಿಲ್ಲ. ಮರಾಠಿ ಮನೆಗಳಲ್ಲಿ ಚೈತ್ರ ಮಾಸದ ಗೌರಿಯ ಅರಸಿನ-ಕುಂಕುಮಕ್ಕೆ ಬಂದ ಹೆಂಗಸರಿಗೆ ಕೊಡುವುದು ಮಾವಿನಕಾಯಿಯ ‘ಪನ್ಹೆ’ ಮತ್ತು ಕಡಲೆಬೇಳೆ-ಮಾವಿನಕಾಯಿಯ ‘ಆಂಬೇಡಾಳ್’. ಒಂದು ನಮ್ಮ ಪಾನಕದ ಅಕ್ಕ, ಇನ್ನೊಂದು ಕೋಸಂಬರಿಯ ತಂಗಿ. ರಾಮನವಮಿಯ ಮಧ್ಯಾಹ್ನ ರಾಮಜನ್ಮದ ತೊಟ್ಟಿಲು ತೂಗಿದ ಮೇಲೆ ಮಹಾರಾಷ್ಟ್ರದಲ್ಲಿ ಹಂಚುವ ‘ಸುಂಠವಡಾ’ದಲ್ಲಿಯೂ ಒಣಶುಂಠಿಯೇ ಪ್ರಧಾನ. ಮರಾಠಿ ಸೊಸೆ ಬಂದ ಕನ್ನಡ ಮನೆಯಲ್ಲಿ, ಕನ್ನಡದ ಮಗಳು ಹೋದ ಮರಾಠಿ ಮನೆಯಲ್ಲಿ ಇವೆರಡೂ ಒಂದೇ ತಟ್ಟೆಯಲ್ಲಿ ಕೂರಲು ಅಡ್ಡಿಯೇನೂ ಇಲ್ಲ.

ಚೆನ್ನೈಯಲ್ಲಿ ರಾಮನವಮಿಗೆ ಪಾನಕಂ, ನೀರ್‌ಮೋರ್, ವಡೈಪರುಪ್ಪು. ಹೈದರಾಬಾದಿನಲ್ಲಿ ಪಾನಕಂ, ವಡಪಪ್ಪು, ಚಲಿಮಿಡಿ. ಆಂಧ್ರಪ್ರದೇಶದ ಮಂಗಳಗಿರಿಯ ಬೆಟ್ಟದ ಮೇಲಿನ ನರಸಿಂಹನಿಗೆ ‘ಪಾನಕಾಲ ಸ್ವಾಮಿ’ ಎಂದೇ ಹೆಸರು. ಭಕ್ತರು ತಂದ ಬೆಲ್ಲದ ಪಾನಕವನ್ನು ದೇವರ ಬಾಯಿಗೇ ಎರೆಯಲಾಗುತ್ತದೆ. ಅರ್ಧವನ್ನು ಸ್ವೀಕರಿಸಿ ಉಳಿದ ಅರ್ಧವನ್ನು ಸ್ವಾಮಿ ಪ್ರಸಾದವಾಗಿ ಬಿಟ್ಟುಕೊಡುತ್ತಾನೆಂಬುದು ಅಲ್ಲಿಯ ನಂಬಿಕೆ. ದೆಹಲಿಯ ಕಡೆ ನವಮಿಯೆಂದರೆ ಚಿಕ್ಕ ಹೆಣ್ಣುಮಕ್ಕಳನ್ನು ಕೂರಿಸಿ ಪೂರಿ, ಹಲ್ವ, ಕಡಲೆ ಬಡಿಸುವ ದಿನ. ಅಲ್ಲಿಯ ಕನ್ನಡಿಗರು ನೆರೆಮನೆಯ ಆ ಮಕ್ಕಳಿಗೆ ಒಂದೊಂದು ಲೋಟ ಪಾನಕ ಕೊಟ್ಟರೆ ಎರಡು ನಾಡಿನ ಹಬ್ಬ ಒಂದೇ ಅಂಗಳದಲ್ಲಿ ನಡೆದಂತಾಗುತ್ತದೆ.

ಸಂಘದ ಹಂಡೆಗೆ ಲೆಕ್ಕ

ವಡಾಲಾದ ಶ್ರೀರಾಮ ಮಂದಿರ ಸೇರಿದಂತೆ ಮಹಾನಗರದ ದೇವಸ್ಥಾನಗಳಲ್ಲಿ ರಾಮನವಮಿ ವಿಜೃಂಭಣೆಯಿಂದ ನಡೆಯುತ್ತದೆ. ಕನ್ನಡ ಸಂಘಗಳು, ಭಜನಾ ಮಂಡಳಿಗಳು ತಂತಮ್ಮ ಸಭಾಂಗಣದಲ್ಲಿ ಪಾನಕ ಹಂಚಬೇಕೆಂದಿದ್ದರೆ 100 ಮಂದಿಗೆ ತಲಾ 120 ಮಿಲಿಲೀಟರಿನಂತೆ ಸುಮಾರು 12 ಲೀಟರ್ ಪಾನಕ ಬೇಕಾಗುತ್ತದೆ. ಅದಕ್ಕೆ ನೀರು 11 ಲೀಟರ್, ಬೆಲ್ಲ ಸುಮಾರು 1 ಕಿಲೋ 650 ಗ್ರಾಂ, ಲಿಂಬೆಹಣ್ಣು 22, ಏಲಕ್ಕಿ 15 ಗ್ರಾಂ, ಒಣಶುಂಠಿ ಪುಡಿ 12 ಗ್ರಾಂ, ಕಾಳುಮೆಣಸು 5 ಗ್ರಾಂ ಸಾಕು. ಬಾಟಲಿ ಪಾನೀಯ ತರಿಸುವ ಖರ್ಚಿನ ಜೊತೆ ಇದನ್ನು ಹೋಲಿಸಿ ನೋಡುವ ಕೆಲಸವನ್ನು ಸಂಘದ ಕೋಶಾಧಿಕಾರಿಗಳಿಗೇ ಬಿಡಬಹುದು.

ದೊಡ್ಡ ಪ್ರಮಾಣದಲ್ಲಿ ಮಾಡುವಾಗ ಕೆಲವು ಎಚ್ಚರಿಕೆಗಳು ಅನಿವಾರ್ಯ. ಲಿಂಬೆಯ ಹುಳಿ ಬಿದ್ದ ಪಾನಕವನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಹಂಡೆಯಲ್ಲಿ ಇಡಲೇಬಾರದು. ಲೋಹ ಹುಳಿಗೆ ಕರಗಿ ಹೊಟ್ಟೆ ಕೆಡಿಸುತ್ತದೆ. ಸ್ಟೀಲ್ ಪಾತ್ರೆ ಸುರಕ್ಷಿತ. ಮಣ್ಣಿನ ಮಡಕೆ ಇನ್ನೂ ಚೆಂದ. ಮುಂಬಯಿಯವರಿಗೆ ಧಾರಾವಿಯ ಕುಂಭಾರವಾಡಾದಲ್ಲಿಯೇ ಮಡಕೆ ಸಿಗುತ್ತದೆ. ಆದರೆ ಮಡಕೆಯ ಹೊರಮೈಯ ನೀರು ಆವಿಯಾದಾಗಲೇ ಒಳಗಿನದು ತಣಿಯುವುದರಿಂದ, ಸದಾ ತೇವ ತುಂಬಿದ ಮುಂಬಯಿ, ಚೆನ್ನೈಗಳ ಗಾಳಿಗಿಂತ ಪುಣೆ, ಹೈದರಾಬಾದ್, ದೆಹಲಿಯ ಒಣ ಗಾಳಿಯಲ್ಲಿ ಮಡಕೆ ಹೆಚ್ಚು ತಂಪು ನೀಡುತ್ತದೆ.

ತಂಪಾಗಲೆಂದು ಮಾರುಕಟ್ಟೆಯ ಮಂಜುಗಡ್ಡೆ ಸುರಿಯುವುದು ಅಪಾಯಕಾರಿ. ಮೀನು ಮತ್ತಿತರ ವಸ್ತುಗಳನ್ನು ಕೆಡದಂತೆ ಇಡಲು ಮಾಡುವ ಮಂಜುಗಡ್ಡೆ ತಿನ್ನುವುದಕ್ಕಲ್ಲ. ಎರಡನ್ನೂ ಬೇರೆಯಾಗಿ ಗುರುತಿಸಲು ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ, ತಿನ್ನಲು ಯೋಗ್ಯವಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣ ಸೇರಿಸಬೇಕೆಂದು ಆದೇಶಿಸಿತ್ತು. ಮನೆಯಲ್ಲಿ ಶುದ್ಧ ನೀರಿನಿಂದ ಮಾಡಿದ ಮಂಜುಗಡ್ಡೆಯನ್ನು ಸ್ಟೀಲ್ ಡಬ್ಬದಲ್ಲಿ ಮುಚ್ಚಿ ಪಾನಕದೊಳಗೆ ಇಳಿಬಿಟ್ಟರೆ ಪಾನಕ ನೀರಾಗದೆ ತಂಪಾಗುತ್ತದೆ. ಸೆಕೆಯ ದಿನಗಳಲ್ಲಿ ಹೊರಗಿಟ್ಟ ಪಾನಕವನ್ನು ನಾಲ್ಕು ಗಂಟೆಯೊಳಗೆ ಹಂಚಿ ಮುಗಿಸುವುದು ಕ್ಷೇಮ. ನೊರೆ ಎದ್ದು ಹುಳಿ ವಾಸನೆ ಬಂದರೆ ಪ್ರಸಾದವೆಂಬ ಮಮಕಾರದಿಂದ ಕುಡಿಯದೆ ಗಿಡದ ಬುಡಕ್ಕೆ ಚೆಲ್ಲಬೇಕು.

ಇನ್ನೆರಡು ಮಾತು

ಪರಿಮಳಕ್ಕೆಂದು ಕೆಲವರು ಪಾನಕಕ್ಕೆ ಪಚ್ಚಕರ್ಪೂರ ಹಾಕುತ್ತಾರೆ. ಹಾಕುವುದಾದರೆ ತಿನ್ನಲು ಯೋಗ್ಯವೆಂದು ಬರೆದಿರುವ ಪಚ್ಚಕರ್ಪೂರವೇ ಆಗಿರಬೇಕು, ಅದೂ ಇಡೀ ಪಾತ್ರೆಗೆ ಸಾಸಿವೆ ಕಾಳಿಗಿಂತ ಹೆಚ್ಚಿರಬಾರದು. ಆರತಿಗೆ ಉರಿಸುವ ಕರ್ಪೂರ ಹೊಟ್ಟೆಗೆ ಹೋದರೆ ವಿಷ, ಚಿಕ್ಕ ಮಕ್ಕಳಿಗಂತೂ ಪ್ರಾಣಾಪಾಯ. ಮಕ್ಕಳಿರುವ ಮನೆಯಲ್ಲಿ ಪಚ್ಚಕರ್ಪೂರವನ್ನೂ ಬಿಟ್ಟು ತುಳಸಿ, ಏಲಕ್ಕಿಯ ಪರಿಮಳಕ್ಕೆ ತೃಪ್ತಿಪಡುವುದೇ ಲೇಸು.

ಇನ್ನೊಂದು, ಬೆಲ್ಲವೆಂದರೆ ಸಕ್ಕರೆಯಲ್ಲ, ಹಾಗಾಗಿ ಮಧುಮೇಹಿಗಳಿಗೂ ಆದೀತು ಎಂಬ ತಪ್ಪು ಕಲ್ಪನೆ. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಮೇಲೆ ಹೇಳಿದ ಅಳತೆಯಲ್ಲಿ ಒಂದು ಲೋಟಕ್ಕೆ ಸುಮಾರು 25 ಗ್ರಾಂ ಬೆಲ್ಲ, ಅಂದರೆ 95 ಕ್ಯಾಲೊರಿಯಷ್ಟು ಇರುತ್ತದೆ. ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆಯಿದ್ದರೆ ತೀರ್ಥದಂತೆ ಎರಡು ಉದ್ಧರಣೆ ಪಾನಕ ಕೊಟ್ಟು, ಲೋಟ ತುಂಬ ಶುಂಠಿ-ಕರಿಬೇವು ಹಾಕಿದ ನೀರುಮಜ್ಜಿಗೆ ಕೊಡುವುದು ಸೂಕ್ತ. ಹಬ್ಬದಲ್ಲಿ ಅವರನ್ನು ಬಿಟ್ಟಂತೆಯೂ ಆಗುವುದಿಲ್ಲ, ಅವರ ಆರೋಗ್ಯವೂ ಕೆಡುವುದಿಲ್ಲ.

ಮಕ್ಕಳ ಕೈಗೆ ಸೌಟು

ಹೊರನಾಡಿನ ಮಕ್ಕಳಿಗೆ ಕನ್ನಡ ಕಲಿಸಲು ಸಂಘಗಳು ತರಗತಿ ನಡೆಸುತ್ತವೆ, ನಾಟಕ ಆಡಿಸುತ್ತವೆ, ಯಕ್ಷಗಾನದ ಹೆಜ್ಜೆ ಹಾಕಿಸುತ್ತವೆ. ಇವೆಲ್ಲ ಶ್ಲಾಘನೀಯ. ಆದರೆ ಬೆಂಕಿ ಇಲ್ಲದ, ಚೂರಿಯ ಭಯವಿಲ್ಲದ, ಎಂಟು ವರ್ಷದ ಮಗುವೂ ಮೊದಲಿನಿಂದ ಕೊನೆಯವರೆಗೆ ತಾನೇ ಮಾಡಿ ಮುಗಿಸಬಹುದಾದ ಹಬ್ಬದ ಅಡುಗೆ ಇದೊಂದೇ ಇರಬೇಕು. ಬೆಲ್ಲ ಕುಟ್ಟುವುದು ಒಬ್ಬರಿಗೆ, ಏಲಕ್ಕಿ ಸುಲಿಯುವುದು ಇನ್ನೊಬ್ಬರಿಗೆ, ಬಟ್ಟೆ ಹಿಡಿದು ಸೋಸುವುದು ಅಪ್ಪನಿಗೆ. ಕೆಲಸ ಮಾಡುತ್ತಲೇ ಬೆಲ್ಲ, ಏಲಕ್ಕಿ, ಶುಂಠಿ, ಸೌಟು, ಸೋಸು, ಕದಡು, ಹಿಂಡು, ಚಿಟಿಕೆ ಎಂಬ ಹತ್ತು ಹಲವು ಕನ್ನಡ ಪದಗಳು ಪುಸ್ತಕವಿಲ್ಲದೆ ಮಗುವಿನ ಬಾಯಿಗೆ ಬರುತ್ತವೆ. ಕಲಿತ ಪದ ಮರೆತುಹೋದೀತು, ರುಚಿಯ ಜೊತೆ ಬಂದ ಪದ ಸುಲಭವಾಗಿ ಹೋಗುವುದಿಲ್ಲ.

ಊರಿನಲ್ಲಿ ಅಜ್ಜಿ ಇನ್ನೂ ಇದ್ದರೆ ರಜೆಯ ದಿನ ಫೋನು ಮಾಡಿ, ‘ಅಜ್ಜಿ, ನಮ್ಮ ಮನೆಯ ಪಾನಕಕ್ಕೆ ಏನೇನು ಹಾಕುತ್ತಿದ್ದಿರಿ?’ ಎಂದು ಮೊಮ್ಮಗುವಿನಿಂದಲೇ ಕೇಳಿಸಬೇಕು. ‘ಬೇಕಾದಷ್ಟು’ ಎಂದು ಆಕೆ ಹೇಳಿದರೆ ಬಿಡದೆ, ಎಷ್ಟು ಹಿಡಿ, ಎಷ್ಟು ಲೋಟ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಮೇಲಿನ ಅಳತೆ ಎಲ್ಲರಿಗೂ ಸಲ್ಲುವಂಥದ್ದು. ಒಂದು ಮನೆಯ ಪಾನಕ ಮತ್ತೊಂದು ಮನೆಯದಕ್ಕಿಂತ ಬೇರೆಯಾಗುವುದು ಆ ಅಜ್ಜಿ ಹೇಳುವ ಸಣ್ಣ ಗುಟ್ಟಿನಿಂದ.

ಈ ಬಾರಿಯ ರಾಮನವಮಿಗೆ ಸಂಘಗಳ ಮಹಿಳಾ ವಿಭಾಗ ಸಾಮಾನು ಒದಗಿಸಲಿ, ಯುವ ವಿಭಾಗ ನೀರು ಹೊರಲಿ, ಹಂಡೆಯ ಸೌಟು ಮಾತ್ರ ಮಕ್ಕಳ ಕೈಯಲ್ಲಿರಲಿ. ಮೊದಲ ಲೋಟ ದೇವರಿಗೆ, ಎರಡನೆಯದು ಸಭಾಂಗಣದ ಕಾವಲುಗಾರನಿಗೆ, ಮೂರನೆಯದು ನೆರೆಮನೆಗೆ. ಆಮೇಲೆ ಉಳಿದವರೆಲ್ಲ ಕುಡಿದರೂ ಹಂಡೆಯಲ್ಲಿ ಪಾನಕ ಕಡಿಮೆಯಾಗದು.